ಬೊಜ್ಜಿಗೆ ಮತ್ತೊಂದು ಆಪರೇಷನ್ನೇ? ಸ್ವಲ್ಪ ತಾಳಿ!

ಬೊಜ್ಜು ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರು ಈಗ ನಮ್ಮ ನಡುವೆ ಅಪರೂಪವೇನಲ್ಲ. ಆದ ಹೊಸದರಲ್ಲಿ ಎಂಥ ಸಂಭ್ರಮ! ತಿಂಗಳಿಗೊಮ್ಮೆ ದರ್ಜಿಯ ಹತ್ತಿರ ಹೋಗಿ ರವಿಕೆ ಹಿಡಿಸಿಕೊಂಡು ಬರುವುದೇ ಒಂದು ಹಿಗ್ಗು. ಮಂಡಿನೋವು ಮಾಯ, ಸಕ್ಕರೆ ಕಾಯಿಲೆಯ ಮಾತ್ರೆ ಅರ್ಧಕ್ಕರ್ಧ ಕಡಿಮೆ. ಆದರೆ ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಕೆಲವರ ರವಿಕೆಯ ಹೊಲಿಗೆಯನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಮದುವೆ ಮುಂಜಿಗೆ ಹೋದರೆ ಹಿಂದಿನಿಂದ ಪಿಸುಮಾತು: “ಅಷ್ಟೊಂದು ದುಡ್ಡು ಸುರಿದು ಆಪರೇಷನ್ ಮಾಡಿಸ್ಕೊಂಡಿದ್ಳಲ್ಲ, ನೋಡ್ರೀ, ಮತ್ತೆ ಹಾಗೇ ಆಗಿದಾಳೆ!”

ಇಂಥ ಸೋದರಿ ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾಳೆ. ಮೊದಲನೆಯದು, ನಾಚಿಕೆಯಿಂದ ತನ್ನ ವೈದ್ಯರಿಗೆ ಮುಖ ತೋರಿಸುವುದನ್ನೇ ಬಿಟ್ಟುಬಿಡುತ್ತಾಳೆ. ಎರಡನೆಯದು, ತಡೆಯಲಾರದೆ ಒಂದು ದಿನ ಬೇರೊಂದು ಆಸ್ಪತ್ರೆಯ ಮೆಟ್ಟಿಲು ಹತ್ತಿ, “ಇನ್ನೊಂದು ಸಲ ಮಾಡಿಬಿಡಿ ಡಾಕ್ಟ್ರೇ” ಎನ್ನುತ್ತಾಳೆ. ಈ ಎರಡೂ ಅವಸರದ ಹೆಜ್ಜೆಗಳೇ. ಮರುಶಸ್ತ್ರಕ್ರಿಯೆ ಕೆಲವರಿಗೆ ನಿಜಕ್ಕೂ ಬೇಕು, ಕೆಲವರಿಗೆ ಖಂಡಿತ ಬೇಡ. ನಾವು ಯಾವ ಗುಂಪಿಗೆ ಸೇರಿದವರು ಅನ್ನೋದನ್ನು ತಕ್ಕಡಿಯ ಮುಳ್ಳೊಂದೇ ಹೇಳಲಾರದು.

ಮೊದಲು ಆದದ್ದೇನು?

ಆಶ್ಚರ್ಯವೆಂದರೆ, “ನಿಮಗೆ ಯಾವ ಆಪರೇಷನ್ ಆಗಿತ್ತು?” ಎಂದು ಕೇಳಿದರೆ “ಹೊಟ್ಟೆ ಚಿಕ್ಕದು ಮಾಡಿದ್ರು” ಎಂದಷ್ಟೇ ಹೇಳುವವರು ಬಹಳ ಮಂದಿ. ಇದರಲ್ಲಿ ಮುಖ್ಯವಾಗಿ ಮೂರು ಬಗೆ ಉಂಟು.

ಒಂದು, ಬ್ಯಾಂಡ್. ಜಠರದ ಮೇಲ್ಭಾಗಕ್ಕೆ ಸಿಲಿಕೋನಿನ ಒಂದು ಪಟ್ಟಿಯನ್ನು ಲಂಗದ ಲಾಡಿ ಬಿಗಿದ ಹಾಗೆ ತೊಡಿಸುವುದು. ಈಗ ಇದು ಬಹಳ ಮಟ್ಟಿಗೆ ಹಿಂದೆ ಬಿದ್ದಿದೆ. ಎರಡು, ಸ್ಲೀವ್. ಜಠರದ ಸುಮಾರು ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯ ಆಕಾರದ ಕೊಳವೆ ಮಾಡುವುದು. ತೆಗೆದದ್ದು ತೆಗೆದಂತೆಯೇ, ಮತ್ತೆ ಸೇರಿಸುವ ಹಾಗಿಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ನಡೆದಿರುವ ಬಗೆಗಳಲ್ಲಿ ಇದೂ ಒಂದು. ಮೂರು, ಬೈಪಾಸ್. ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವೊಂದನ್ನು ಬೇರೆ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವುದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ 1966ರಲ್ಲಿ ಇದಕ್ಕೆ ಬುನಾದಿ ಹಾಕಿದರು. ಜೋಡಣೆ ಒಂದೇ ಇರುವ ಸರಳ ರೂಪವನ್ನು ‘ಮಿನಿ ಬೈಪಾಸ್’ ಎನ್ನುತ್ತಾರೆ. ಅದು 1997ರಿಂದ ಬಳಕೆಗೆ ಬಂತು.

ಇಲ್ಲೊಂದು ಸ್ವಾರಸ್ಯವಿದೆ. ಸ್ಲೀವ್ ಮೊದಲು ಬಳಕೆಗೆ ಬಂದದ್ದು ಪೂರ್ತಿ ಚಿಕಿತ್ಸೆಯಾಗಿ ಅಲ್ಲ. ಅತಿ ಸ್ಥೂಲಕಾಯದವರಿಗೆ ದೊಡ್ಡ ಆಪರೇಷನ್ ಒಂದೇ ಸಲಕ್ಕೆ ಮಾಡಿದರೆ ಅಪಾಯವೆಂದು, ಮೊದಲ ಕಂತಾಗಿ ಸ್ಲೀವ್ ಮಾಡಿ, ತೂಕ ಸ್ವಲ್ಪ ಇಳಿದ ಮೇಲೆ ಎರಡನೆಯ ಕಂತು ಮಾಡುತ್ತಿದ್ದರು. ಎಷ್ಟೋ ಮಂದಿಗೆ ಮೊದಲ ಕಂತೇ ಸಾಕಾಯಿತು. ಹಾಗಾಗಿ ಅದೇ ಸ್ವತಂತ್ರ ಶಸ್ತ್ರಕ್ರಿಯೆಯಾಗಿ ನಿಂತಿತು. ಹಾಗಿರುವಾಗ ಸ್ಲೀವ್ ಆದವರಲ್ಲಿ ಕೆಲವರಿಗೆ ಎರಡನೆಯ ಹಂತ ಬೇಕಾದರೆ ಅದರಲ್ಲಿ ನಾಚಿಕೆಪಡುವಂಥದೇನಿದೆ?

ಇಳಿದ ತೂಕ ಮರಳುವುದೇಕೆ?

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಇಂಥವರ ಮುಖಕ್ಕೆ ಹೊಡೆದ ಹಾಗೆ ಹೇಳುವವರಿದ್ದಾರೆ. ಗಾದೆ ಸುಳ್ಳಲ್ಲ, ಆದರೆ ಬೊಜ್ಜಿನ ವಿಷಯದಲ್ಲಿ ಅದು ಅರ್ಧ ಮಾತು. ತೂಕ ಇಳಿದಾಗ ದೇಹ ಸುಮ್ಮನಿರುವುದಿಲ್ಲ. ಬರಗಾಲ ಬಂತೆಂದು ಹೆದರಿದ ಮನೆಯೊಡತಿಯ ಹಾಗೆ ಖರ್ಚು ಕಡಿಮೆ ಮಾಡಿ ಕೂಡಿಡಲು ತೊಡಗುತ್ತದೆ. ಮೊದಲು ಉರಿಸುತ್ತಿದ್ದಷ್ಟು ಶಕ್ತಿಯನ್ನು ಉರಿಸುವುದಿಲ್ಲ. ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ಜಠರದ ಮೇಲ್ಭಾಗದಿಂದ ಬರುತ್ತದೆ. ಸ್ಲೀವ್ ಮಾಡಿದಾಗ ಆ ಭಾಗವೇ ಹೋಗುವುದರಿಂದ ಮೊದಮೊದಲು ಹಸಿವು ಅಡಗಿರುತ್ತದೆ. ವರ್ಷಗಳು ಕಳೆದಂತೆ ಹಸಿವು ಮತ್ತೆ ತಲೆಯೆತ್ತಬಹುದು, ಉಳಿದ ಕೊಳವೆಯೂ ಸ್ವಲ್ಪ ಹಿಗ್ಗಬಹುದು.

ಸ್ವೀಡನ್ ದೇಶದಲ್ಲಿ 1987ರಿಂದ ಎರಡು ಸಾವಿರ ಮಂದಿ ಆಪರೇಷನ್ ಆದವರನ್ನು ವರ್ಷಗಟ್ಟಲೆ ಗಮನಿಸಿದರು. ಬೈಪಾಸ್ ಆದವರು ಒಂದೆರಡು ವರ್ಷದಲ್ಲಿ ತಮ್ಮ ತೂಕದ ಶೇಕಡ 32ರಷ್ಟು ಕಳೆದುಕೊಂಡಿದ್ದರು. ಹತ್ತು ವರ್ಷದ ಹೊತ್ತಿಗೆ ಅದು 25ಕ್ಕೆ ಬಂದಿತ್ತು. ಬ್ಯಾಂಡ್ ಹಾಕಿಸಿಕೊಂಡವರಲ್ಲಿ 20 ಇದ್ದದ್ದು 14ಕ್ಕೆ ಇಳಿದಿತ್ತು. ಹಾಗಿದ್ದರೂ, ಆಪರೇಷನ್ ಮಾಡಿಸಿಕೊಳ್ಳದೆ ಉಳಿದವರಿಗಿಂತ ಇವರಲ್ಲಿ ಸಾವು ಕಡಿಮೆಯಿತ್ತು. ಅಂದರೆ ಸ್ವಲ್ಪ ತೂಕ ಮರಳುವುದು ಬಹುಮಂದಿಗೆ ಆಗುವಂಥದೇ. ಅದು ಆಪರೇಷನ್ ವ್ಯರ್ಥವಾಯಿತು ಎಂಬುದಕ್ಕೆ ಗುರುತಲ್ಲ, ನಿಮ್ಮ ನಡತೆಯ ಮೇಲೆ ಬಿದ್ದ ಕಪ್ಪು ಚುಕ್ಕೆಯೂ ಅಲ್ಲ.

ಎಷ್ಟು ಮರಳಿದರೆ ಯೋಚಿಸಬೇಕು?

ಒಂದು ಲೆಕ್ಕ ಹಾಕೋಣ. ಐದು ಅಡಿ ಒಂದು ಅಂಗುಲ, ಅಂದರೆ 155 ಸೆಂಟಿಮೀಟರ್ ಎತ್ತರದ ಗೃಹಿಣಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಆಪರೇಷನ್ನಿಗೆ ಮುಂಚೆ 110 ಕಿಲೋ. ಎರಡನೆಯ ವರ್ಷ 75 ಕಿಲೋ. ಆರನೆಯ ವರ್ಷ 82 ಕಿಲೋ ಆಗಿ, ಸಕ್ಕರೆ, ರಕ್ತದೊತ್ತಡ ಎಲ್ಲ ಹತೋಟಿಯಲ್ಲಿದ್ದರೆ ಆಕೆ ಗೆದ್ದಂತೆಯೇ. ಏಳು ಕಿಲೋ ಮರಳಿತೆಂದು ಮತ್ತೆ ಹೊಟ್ಟೆ ಕೊಯ್ಯಿಸಿಕೊಳ್ಳಬೇಕಾಗಿಲ್ಲ. ಅದೇ ಆಕೆ 104 ಕಿಲೋ ಆಗಿ, ಬಿ.ಎಂ.ಐ. 43ಕ್ಕೆ ಏರಿ, ಬಿಟ್ಟಿದ್ದ ಇನ್ಸುಲಿನ್ ಮತ್ತೆ ಶುರುವಾಗಿ, ನಿದ್ದೆಯಲ್ಲಿ ಉಸಿರು ಕಟ್ಟುವಂತಾದರೆ ಆಗ ಮಾತೇ ಬೇರೆ. (ಬಿ.ಎಂ.ಐ. ಎಂದರೆ ಕಿಲೋ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ ಬರುವ ಸಂಖ್ಯೆ.)

ತೂಕವೊಂದೇ ಕಾರಣವಲ್ಲ

ತೂಕ ಒಂದು ಗ್ರಾಂ ಏರದಿದ್ದರೂ ಮರುಶಸ್ತ್ರಕ್ರಿಯೆ ಬೇಕಾಗುವ ಸಂದರ್ಭಗಳಿವೆ. ಮುಖ್ಯವಾದದ್ದು ಎದೆಯುರಿ. ಸ್ಲೀವ್ ಆದವರಲ್ಲಿ ಜಠರದ ಹುಳಿ ಮೇಲಕ್ಕೆ ಉಕ್ಕುವುದು ಹೆಚ್ಚು. ರಾತ್ರಿ ಮಲಗಿದಾಗ ಗಂಟಲಿಗೆ ಹುಳಿ ಬಂದು ಎದ್ದು ಕೂರುವುದು, ಎರಡು ದಿಂಬು ಇಟ್ಟುಕೊಳ್ಳದೆ ನಿದ್ದೆ ಬಾರದಿರುವುದು, ವರ್ಷಗಟ್ಟಲೆ ಆಸಿಡ್ ಮಾತ್ರೆ ನುಂಗುವುದು - ಇದನ್ನೆಲ್ಲ “ಗ್ಯಾಸು, ಬಿಡಿ” ಎಂದು ತಳ್ಳಿಹಾಕಬಾರದು. ಫಿನ್ಲೆಂಡಿನಲ್ಲಿ 240 ಮಂದಿಯ ಮೇಲೆ ನಡೆದ ಅಧ್ಯಯನದ ಹತ್ತು ವರ್ಷದ ವರದಿ 2022ರಲ್ಲಿ ಬಂತು. ಸ್ಲೀವ್ ಆದವರಲ್ಲಿ ಶೇಕಡ 31 ಮಂದಿಗೆ ಅನ್ನನಾಳದ ಉರಿಯೂತ ಕಂಡಿತು. ಬೈಪಾಸ್ ಆದವರಲ್ಲಿ ಅದು ಶೇಕಡ 7 ಮಾತ್ರ.

ಬ್ಯಾಂಡಿನ ತೊಂದರೆಗಳೇ ಬೇರೆ. ಪಟ್ಟಿ ಜಾರುವುದು, ಜಠರದ ಗೋಡೆಯನ್ನು ಕೊರೆದು ಒಳಹೋಗುವುದು, ತಿಂದದ್ದೆಲ್ಲ ವಾಂತಿಯಾಗುವುದು. ಬ್ರಸೆಲ್ಸ್ ನಗರದ ವೈದ್ಯರು 12 ವರ್ಷ ಮೀರಿದ ರೋಗಿಗಳನ್ನು ನೋಡಿ 2011ರಲ್ಲಿ ಹೇಳಿದ್ದು: ಸುಮಾರು ಅರ್ಧದಷ್ಟು ಮಂದಿಗೆ ಬ್ಯಾಂಡನ್ನು ತೆಗೆಯಲೇಬೇಕಾಯಿತು. ಬೈಪಾಸ್ ಆದವರಲ್ಲಿ ಜೋಡಣೆಯ ಹತ್ತಿರ ಹುಣ್ಣಾಗಬಹುದು. ತಂಬಾಕು ಮತ್ತು ಮೈಕೈ ನೋವಿಗೆ ತಾವೇ ಕೊಂಡು ನುಂಗುವ ನೋವಿನ ಮಾತ್ರೆ ಇದಕ್ಕೆ ದೊಡ್ಡ ಕಾರಣಗಳು. ಮಿನಿ ಬೈಪಾಸ್ ಆದ ಕೆಲವರಿಗೆ ಪಿತ್ತರಸ ಮೇಲಕ್ಕೆ ಬಂದು ಬಾಯೆಲ್ಲ ಕಹಿಯಾಗುತ್ತದೆ. ಇನ್ನು ಕೆಲವರದು ತದ್ವಿರುದ್ಧದ ಕಷ್ಟ. ಕರುಳು ತೀರ ಗಿಡ್ಡವಾದಂತಾಗಿ ಪುಷ್ಟಿಯೇ ಮೈಗೆ ಹತ್ತದೆ, ಕಾಲು ಊದಿ, ಕೂದಲು ಉದುರಿ ಸೊರಗುತ್ತಾರೆ. ಅಂಥವರಿಗೆ ಆಪರೇಷನ್ನನ್ನು ಸಡಿಲಿಸುವುದೇ ಚಿಕಿತ್ಸೆ.

ಕತ್ತಿಗಿಂತ ಮುಂಚೆ ಕಡತ

ಮೊದಲ ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮ್ಮರಿ ಮಾತ್ರವಲ್ಲ, ಆಪರೇಷನ್ ನೋಟ್ಸ್ ಎಂಬ ಕಾಗದವನ್ನೂ ಕೇಳಿ ತೆಗೆದುಕೊಳ್ಳಿ. ಯಾವ ಬಗೆ, ಚೀಲ ಎಷ್ಟು ದೊಡ್ಡದು, ಕರುಳನ್ನು ಎಷ್ಟು ಉದ್ದ ಬಿಟ್ಟು ಜೋಡಿಸಿದರು ಎಂಬುದೆಲ್ಲ ಅದರಲ್ಲಿರುತ್ತದೆ. ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಗಳ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆದರೆ ಮೂರು ವರ್ಷದವರೆಗೆ ಮಾತ್ರ ಇಟ್ಟುಕೊಳ್ಳುವ ಹೊಣೆ ಅವರದು. ಆದ್ದರಿಂದ ಈಚೆಗೆ ಆಪರೇಷನ್ ಆದವರು ಕೂಡ ಈಗಲೇ ಒಂದು ಪ್ರತಿ ತೆಗೆಸಿ, ಒಡವೆಯ ರಸೀದಿಯ ಜೊತೆ ಬೀರುವಿನಲ್ಲಿಡಿ.

ಆಮೇಲೆ ಪರೀಕ್ಷೆಗಳು. ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವುದು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯುವುದು. ರಕ್ತದಲ್ಲಿ ಹಿಮೋಗ್ಲೋಬಿನ್, ಕಬ್ಬಿಣ, ಬಿ-12, ಡಿ ವಿಟಮಿನ್, ಅಲ್ಬುಮಿನ್, ಥೈರಾಯ್ಡ್, ಮೂರು ತಿಂಗಳ ಸಕ್ಕರೆ ನೋಡುವುದು. ಇವೊಂದನ್ನೂ ಮಾಡದೆ, ಮೊದಲ ಭೇಟಿಯಲ್ಲೇ ಆಪರೇಷನ್ನಿಗೆ ದಿನ ಗೊತ್ತುಮಾಡುವ ಕಡೆ ಮುಂಗಡ ಕಟ್ಟಬೇಡಿ.

ನೀವು ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಸ್ಟೀರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು ತೂಕ ಏರಿಸಬಲ್ಲವು. ಆದರೆ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ, ಮಗು ಬಿಟ್ಟ ಅರ್ಧ ದೋಸೆಯನ್ನೂ ಸೇರಿಸಿ! ಅನೇಕರು ಊಟ ಬಹಳ ಕಡಿಮೆ ಮಾಡುತ್ತಾರೆ ನಿಜ. ಆದರೆ ದಿನವಿಡೀ ಬಾಯಾಡಿಸುತ್ತಾರೆ. ಒಂದು ಮುದ್ದೆ, ಬಟ್ಟಲು ಉಪ್ಪುಸಾರು ಕಾಳು ಒಳಗೆ ಇಳಿಯದ ಹೊಟ್ಟೆಗೆ ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಪಾಯಸ, ಐಸ್‌ಕ್ರೀಮು ಸಲೀಸಾಗಿ ಇಳಿಯುತ್ತವೆ. ಕೋಡುಬಳೆ ಡಬ್ಬಿ ಪಕ್ಕದಲ್ಲಿದ್ದರೆ ಗಂಟೆಗೊಂದು ಚೂರು. ಇಂಥ ಅಭ್ಯಾಸವನ್ನು ಯಾವ ಆಪರೇಷನ್ನೂ ಬಹುಕಾಲ ತಡೆದು ನಿಲ್ಲಿಸಲಾರದು. ಒಂಟಿತನ, ಸಿಟ್ಟು, ದುಃಖಕ್ಕೆ ತಿನ್ನುವುದಾದರೆ ಅದನ್ನೂ ಬರೆದಿಡಿ. ಮನಶ್ಶಾಸ್ತ್ರಜ್ಞರ ಹತ್ತಿರ ಕೂತು ಮಾತಾಡುವುದು ಹುಚ್ಚಿನ ಲಕ್ಷಣವಲ್ಲ.

ಊಟದಲ್ಲಿ ಮೊದಲ ತುತ್ತು ಪ್ರೋಟೀನಿಗೆ ಮೀಸಲಿರಲಿ. ಗಟ್ಟಿ ತೊವ್ವೆ, ಮೊಳಕೆಕಾಳಿನ ಉಸಲಿ, ಗಟ್ಟಿ ಮೊಸರು, ಪನೀರು, ತಿನ್ನುವವರಿಗೆ ಮೊಟ್ಟೆ, ಮೀನು. ದಿನಕ್ಕೆ 60 ಗ್ರಾಂ ಪ್ರೋಟೀನಾದರೂ ಬೇಕೆನ್ನುತ್ತಾರೆ. ಅನ್ನ ಕೊನೆಗೆ. ಊಟದ ಜೊತೆಗೇ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಯಾವ ಕಷ್ಟಕ್ಕೆ ಯಾವ ದಾರಿ?

ಸ್ಲೀವ್ ಆಗಿ ಎದೆಯುರಿ ಮಿತಿಮೀರಿದ್ದರೆ ಬೈಪಾಸಿಗೆ ಬದಲಿಸುವುದು ವೈದ್ಯರು ಹೆಚ್ಚಾಗಿ ಒಪ್ಪುವ ದಾರಿ. ಇದರಲ್ಲಿ ಸಿಗುವ ಮುಖ್ಯ ಫಲ ನೆಮ್ಮದಿಯ ನಿದ್ದೆ. ತೂಕ ಇಳಿದರೆ ಅದು ಮೇಲಿನ ಲಾಭ. ಎದೆಯುರಿ ಇಲ್ಲದೆ ತೂಕ ಮಾತ್ರ ಮರಳಿದ್ದರೆ ಬೈಪಾಸ್, ಮಿನಿ ಬೈಪಾಸ್, ಅಥವಾ ಕರುಳಿನ ಇನ್ನಷ್ಟು ಭಾಗವನ್ನು ದಾಟಿಸುವ ಶಸ್ತ್ರಕ್ರಿಯೆಗಳಿವೆ. ದಾಟಿಸುವ ಕರುಳು ಹೆಚ್ಚಿದಷ್ಟೂ ತೂಕ ಹೆಚ್ಚು ಇಳಿಯಬಹುದು, ಜೊತೆಗೆ ಪುಷ್ಟಿಯ ಕೊರತೆಯೂ ಹೆಚ್ಚುತ್ತದೆ. ಬರೀ ಸಸ್ಯಾಹಾರದ ಮೇಲಿರುವ, ಮೊದಲೇ ರಕ್ತಹೀನತೆಯಿರುವ ನಮ್ಮ ಹೆಂಗಸರು ಇದನ್ನು ಎರಡು ಸಲ ಯೋಚಿಸಬೇಕು. ಬ್ಯಾಂಡ್ ಕೆಟ್ಟಿದ್ದರೆ ಅದನ್ನು ತೆಗೆದು, ಜಠರ ಮಾಯಲು ಕೆಲವು ತಿಂಗಳು ಬಿಟ್ಟು, ನಂತರ ಸ್ಲೀವ್ ಅಥವಾ ಬೈಪಾಸ್ ಮಾಡುವುದುಂಟು. ಬೈಪಾಸಿನ ಜೋಡಣೆ ಹಿಗ್ಗಿದ್ದರೆ ಹೊಟ್ಟೆ ಕೊಯ್ಯದೆ, ಬಾಯಿಯಿಂದಲೇ ಉಪಕರಣ ಇಳಿಸಿ ಹೊಲಿಗೆ ಹಾಕಿ ಬಿಗಿಮಾಡುವ ವಿಧಾನವೂ ಇದೆ.

ಎರಡನೆಯದು ಮೊದಲಿನಷ್ಟು ಸುಲಭವಲ್ಲ

ಒಮ್ಮೆ ಹೊಲಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಹೊಲಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಹಳೆಯ ಹೊಲಿಗೆಯ ಹತ್ತಿರ ಬಟ್ಟೆ ಸೋತಿರುತ್ತದೆ. ಹೊಟ್ಟೆಯೊಳಗೂ ಹಾಗೆಯೇ. ಅಂಗಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೆಲವೆಡೆ ರಕ್ತಸಂಚಾರ ಕಡಿಮೆಯಿರುತ್ತದೆ. ಆದ್ದರಿಂದ ಹೊಲಿಗೆ ಸೋರುವುದು, ರಕ್ತಸ್ರಾವ, ಸೋಂಕು - ಇವೆಲ್ಲ ಮೊದಲ ಸಲಕ್ಕಿಂತ ಹೆಚ್ಚು. ಇಳಿಯುವ ತೂಕವೋ ಸಾಮಾನ್ಯವಾಗಿ ಮೊದಲ ಸಲಕ್ಕಿಂತ ಕಡಿಮೆ. ಅಪಾಯ ಹೆಚ್ಚು, ಫಲ ಕಡಿಮೆ ಎಂಬ ಈ ವ್ಯಾಪಾರಕ್ಕೆ ಕೈಹಾಕಬೇಕಾದರೆ ಕಾರಣ ಗಟ್ಟಿಯಾಗಿರಬೇಕು.

ಮನೆಗೆ ಬಂದ ಮೇಲೆ ಜ್ವರ, ಎದೆ ಡವಡವ ಎಂದು ನಿಲ್ಲದಿರುವುದು, ಹೊಟ್ಟೆ ಅಥವಾ ಎಡ ಭುಜದ ನೋವು, ಏದುಸಿರು, ಒಂದೇ ಕಾಲು ಊದುವುದು - ಇವುಗಳಲ್ಲಿ ಯಾವುದು ಕಂಡರೂ “ಬೆಳಗಾಗಲಿ ನೋಡೋಣ” ಎನ್ನದೆ ಆಸ್ಪತ್ರೆಗೆ ಓಡಿ. ದಿನಗಟ್ಟಲೆ ವಾಂತಿ ನಿಲ್ಲದಿದ್ದರೂ ತಡಮಾಡಬೇಡಿ. ಬಿ-1 ವಿಟಮಿನ್ ಬರಿದಾಗಿ ನಡಿಗೆ, ದೃಷ್ಟಿ, ನೆನಪುಗಳಿಗೆ ಶಾಶ್ವತ ಪೆಟ್ಟು ಬೀಳಬಹುದು.

ಹೊಸ ಚುಚ್ಚುಮದ್ದುಗಳ ಮಾತು

ಹಿಂದೆ ತೂಕ ಮರಳಿದವರ ಮುಂದೆ ಪಥ್ಯ ಇಲ್ಲವೇ ಕತ್ತಿ ಎಂಬ ಎರಡೇ ದಾರಿ ಇದ್ದಂತಿತ್ತು. ಈಗ ಮೂರನೆಯದೊಂದು ಬಂದಿದೆ. ಟಿರ್ಜೆಪಟೈಡ್ ಎಂಬ ವಾರಕ್ಕೊಂದು ಚುಚ್ಚುಮದ್ದು 2025ರ ಮಾರ್ಚ್‌ನಲ್ಲಿಯೂ, ತೂಕಕ್ಕೆಂದೇ ತಯಾರಾದ ಸೆಮಾಗ್ಲುಟೈಡ್ ಚುಚ್ಚುಮದ್ದು ಅದೇ ವರ್ಷದ ಜೂನ್‌ನಲ್ಲಿಯೂ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದವು. ಆಪರೇಷನ್ ಆಗಿ ತೂಕ ಮರಳಿದವರಿಗೂ ವೈದ್ಯರು ಇವನ್ನು ಕೊಡುತ್ತಿದ್ದಾರೆ. ಎರಡನೆಯ ಆಪರೇಷನ್ನೇ ಬೇಡವಾದವರೂ ಇದ್ದಾರೆ.

ಹಾಗೆಂದು ಇದು ಮಂತ್ರದಂಡವಲ್ಲ. ಖರ್ಚು ತಿಂಗಳು ತಿಂಗಳೂ ಇರುತ್ತದೆ. ಓಕರಿಕೆ, ಮಲಬದ್ಧತೆ ಸಾಮಾನ್ಯ. ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಕಳೆದುಕೊಂಡ ತೂಕದ ಮೂರನೆಯ ಎರಡು ಭಾಗ ಮರಳಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದವರು, ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್ ಇರುವವರು ಅದನ್ನು ಮುಂಚೆಯೇ ಹೇಳಬೇಕು. ಪಕ್ಕದ ಮನೆಯಾಕೆ ತೆಗೆದುಕೊಂಡರೆಂದು ಅಂಗಡಿಯಿಂದ ತಂದು ಚುಚ್ಚಿಕೊಳ್ಳುವ ಮದ್ದು ಇದಲ್ಲ. ಬ್ಯಾಂಡ್ ಜಾರಿದ್ದಕ್ಕೆ, ಹುಣ್ಣಿಗೆ, ಸ್ಲೀವಿನ ಎದೆಯುರಿಗೆ ಇದು ಔಷಧಿಯೂ ಅಲ್ಲ.

ಮಗು ಬೇಕೆನ್ನುವವರಿಗೆ

ತೂಕ ಇಳಿದಂತೆ ನಿಂತಿದ್ದ ಮುಟ್ಟು ಸರಿಯಾಗುತ್ತದೆ, ಬಸಿರೂ ಬೇಗ ನಿಲ್ಲುತ್ತದೆ. ಆದರೆ ಆಪರೇಷನ್ ಆದ ಮೇಲೆ, ಮೊದಲನೆಯದಿರಲಿ ಎರಡನೆಯದಿರಲಿ, ಒಂದರಿಂದ ಒಂದೂವರೆ ವರ್ಷ ಬಸಿರು ಮುಂದೂಡಬೇಕು. ಬೈಪಾಸ್ ಆದವರಿಗೆ ಬಾಯಿಯಿಂದ ನುಂಗುವ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹತ್ತದಿರಬಹುದು. ಬೇರೆ ಉಪಾಯವನ್ನು ಸ್ತ್ರೀರೋಗ ತಜ್ಞರಲ್ಲಿ ಕೇಳಿ. ಸೆಮಾಗ್ಲುಟೈಡ್ ತೆಗೆದುಕೊಳ್ಳುವವರು ಬಸಿರಿಗೆ ಎರಡು ತಿಂಗಳು ಮುಂಚೆಯೇ ಅದನ್ನು ನಿಲ್ಲಿಸಬೇಕು.

ದುಡ್ಡಿನ ಮಾತು

ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಏಕರೂಪ ಮಾಡಿದ ಷರತ್ತಿನ ಪ್ರಕಾರ, ಬೊಜ್ಜಿನ ಆಪರೇಷನ್ನಿಗೆ ವಿಮೆಯ ಹಣ ಸಿಗಬೇಕಾದರೆ 18 ವರ್ಷ ತುಂಬಿರಬೇಕು, ವೈದ್ಯರ ಸಲಹೆಯಿರಬೇಕು. ಬಿ.ಎಂ.ಐ. 40 ಮುಟ್ಟಿರಬೇಕು. ಇಲ್ಲವೇ 35 ಇದ್ದು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ನಿದ್ದೆಯಲ್ಲಿ ತೀವ್ರವಾಗಿ ಉಸಿರು ಕಟ್ಟುವಿಕೆಯಂಥ ಕಾಯಿಲೆ ಇದ್ದು, ಬೇರೆ ಚಿಕಿತ್ಸೆ ಫಲಿಸದೆ ಹೋಗಿರಬೇಕು. ಮರುಶಸ್ತ್ರಕ್ರಿಯೆಗೆ ನಿಮ್ಮ ಪಾಲಿಸಿ ಕೊಡುತ್ತದೆಯೇ ಎಂಬುದನ್ನು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. “ಆಗತ್ತೆ ಮೇಡಂ” ಎಂಬ ಬಾಯಿಮಾತು ಬಿಲ್ಲಿನ ದಿನ ಕೈಹಿಡಿಯುವುದಿಲ್ಲ. ಬಳೆ ಅಡವಿಡುವ ಮುಂಚೆ ಒಟ್ಟು ಖರ್ಚಿನ ಜೊತೆ ಜೀವಮಾನದ ವಿಟಮಿನ್ ಮಾತ್ರೆ, ರಕ್ತಪರೀಕ್ಷೆಗಳ ಲೆಕ್ಕವನ್ನೂ ಸೇರಿಸಿ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

1. ನನಗೆ ತೂಕ ಮರಳಲು, ಅಥವಾ ಈ ತೊಂದರೆ ಬರಲು ಕಾರಣವೇನು? ಪರೀಕ್ಷೆಯಲ್ಲಿ ಏನು ಕಂಡಿತು?
2. ಆಪರೇಷನ್ ಇಲ್ಲದೆ ಆರು ತಿಂಗಳು ಏನು ಮಾಡಿ ನೋಡಬಹುದು?
3. ನೀವು ಹೇಳುವ ಬಗೆಯೇ ಏಕೆ? ಬೇರೆಯದು ಏಕೆ ಬೇಡ?
4. ಮರುಶಸ್ತ್ರಕ್ರಿಯೆಗಳನ್ನು ನೀವು ಎಷ್ಟು ಮಾಡಿದ್ದೀರಿ? ಎಷ್ಟು ಜನರಿಗೆ ತೊಂದರೆಯಾಯಿತು?
5. ನನಗೆ ಎಷ್ಟು ಕಿಲೋ ಇಳಿಯಬಹುದು? ಇಳಿಯದಿದ್ದರೆ?
6. ಹೊಲಿಗೆ ಸೋರಿದರೆ ರಾತ್ರಿ ಎರಡು ಗಂಟೆಗೆ ಯಾರು ನೋಡುತ್ತಾರೆ? ಅದರ ಖರ್ಚು ಯಾರದು?
7. ಆಹಾರ ತಜ್ಞರು, ಮನಶ್ಶಾಸ್ತ್ರಜ್ಞರು ನಿಮ್ಮಲ್ಲಿದ್ದಾರೆಯೇ? ಎಷ್ಟು ವರ್ಷ ನನ್ನನ್ನು ನೋಡಿಕೊಳ್ಳುತ್ತೀರಿ?

ಉತ್ತರ ತೃಪ್ತಿ ಕೊಡದಿದ್ದರೆ ಇನ್ನೊಬ್ಬ ವೈದ್ಯರನ್ನು ಕೇಳುವುದು ದ್ರೋಹವಲ್ಲ. ಅತ್ತೆಯೋ, ಗಂಡನೋ “ನಿನ್ನ ಬಾಯಿಚಪಲಕ್ಕೆ ಎರಡು ಸಲ ದುಡ್ಡು ಸುರೀಬೇಕಾ?” ಎಂದು ಕೇಳಿದರೆ ಈ ಪುಟಗಳನ್ನು ಅವರ ಕೈಗೂ ಕೊಡಿ. ಬೊಜ್ಜು ಎಂಬುದು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಹಾಗೆ ದೀರ್ಘಕಾಲದ ಕಾಯಿಲೆ. ಮಾತ್ರೆ ಸಾಲದೆ ಸಕ್ಕರೆ ಏರಿದವರನ್ನು ನಾವು ಬೈಯುವುದಿಲ್ಲ, ಚಿಕಿತ್ಸೆ ಬದಲಿಸುತ್ತೇವೆ. ಇಲ್ಲಿಯೂ ಅಷ್ಟೆ. ಮೊದಲು ನಿಮ್ಮ ಹಳೆಯ ವೈದ್ಯರಿಗೆ ಒಂದು ಫೋನು ಮಾಡಿ, ಕಾಗದಪತ್ರ ತೆಗೆಸಿ, ನೋಟ್‌ಬುಕ್ಕು ಶುರುಮಾಡಿ. ಆಪರೇಷನ್ನಿನ ತೀರ್ಮಾನ ಅದರ ನಂತರದ್ದು.